ಮಂಜೂರಾದ ಧೂಮಪಾನಿ

ಮಸ್ಕಿಯ ಬಾಲಕರ ಆಶ್ರಯ ನಿಲಯದಲ್ಲಿ ಸನ್ ೧೯೫೩ರ ಜೂನ್ ತಿಂಗಳವರೆಗೆ ಧೂಮಪಾನದ ಯಾವ ಸರಿಯಾದ ವ್ಯವಸ್ಥೆಯೂ ಇರಲಿಲ್ಲವೆಂಬುದನ್ನು ವಿಷಾದದಿಂದ ದಾಖಲಿಸಬೇಕಾಗಿದೆ. ಇದ್ದ ಇಪ್ಪತ್ತೆರಡು ಹುಡುಗರಲ್ಲಿ ಯಂಕೋಬ ಒಬ್ಬನೇ, ಅದೂ ಹಿತ್ತಲ ಗೋಡೆಯ ಮರೆಯಲ್ಲಿ, ವಾರಕ್ಕೊಂದು ಬೀಡಿಯನ್ನು ಮನಸ್ಸಿಗೆ ಬಂದಂತೆ ಸೇದುತ್ತಿದ್ದ.

ಯಂಕೋಬ ಮುಕ್ಕುಂದದವ. ಕಾಲರಾದಲ್ಲಿ ತಂದೆತಾಯಿ ಇಬ್ಬರೂ ಹೋದ ಮೇಲೆ ಸೋದರಮಾವ ತಂದು ಇಲ್ಲಿ ಬಿಟ್ಟಿದ್ದ. ಈಗ ಹದಿನೇಳು ದಾಟಿತ್ತು. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಕಬಡ್ಡಿಯಂಥ ಹುತುತು ಆಟಕ್ಕೆ ಇಳಿದನೆಂದರೆ, ಅಡುಗೆಯ ಅಂಬಮ್ಮ ಒಂದು ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕುವವರೆಗೂ ಅವನ ದಮ್ಮು ಕಡಿಯುತ್ತಿರಲಿಲ್ಲ. ದಸರೆಗೆ ಲಿಂಗಸುಗೂರಿನ ತಂಡದ ಮೇಲೆ ಆಡಬೇಕು, ಗೆಲ್ಲಬೇಕು. ಲೋಕದಲ್ಲಿ ಅವನಿಗಿದ್ದ ಆಸೆ ಅದೊಂದೇ.

ಒಂದು ದಿನ ಮೇಲ್ವಿಚಾರಕ ಕರಿಬಸಯ್ಯನವರು ಅವನನ್ನು ಬೀಡಿ ಸಮೇತ ಹಿಡಿದರು. ಎರಡು ಏಟು ಹಾಕಿದ್ದರೆ ಮುಗಿಯುತ್ತಿತ್ತು. ಅವರು ಪ್ರಾಮಾಣಿಕರಾದ್ದರಿಂದ ವರದಿ ಬರೆದರು. ವರದಿ ನಿಲಯದ ಸಮಿತಿಯ ಅಧ್ಯಕ್ಷ ಹಂಪಣ್ಣನವರ ಕೈಗೆ ಹೋಯಿತು, ಅಲ್ಲಿಂದ ರಾಯಚೂರಿನ ದಫ್ತರಕ್ಕೆ ಹೋಯಿತು. ಇಪ್ಪತ್ತು ದಿನದಲ್ಲಿ ಹುಕುಂ ಬಂತು:

“ಸದರಿ ನಿಲಯದಲ್ಲಿ ಒಬ್ಬ ಧೂಮಪಾನಿ ಇರುವುದು ದೃಢಪಟ್ಟಿರುವುದರಿಂದ, ಧೂಮಪಾನ ನಿಗರಾಣಿ ಯೋಜನೆಯನ್ನು ಮಂಜೂರು ಮಾಡಲಾಗಿದೆ. ಒಬ್ಬ ನಿಗರಾಣಿ ಅಧಿಕಾರಿ, ಒಂದು ತಗಡಿನ ಕೋಣೆ, ಧೂಮಪಾನಿಯ ಪುಷ್ಟಿಗಾಗಿ ದಿನಕ್ಕೆ ಅರ್ಧ ಸೇರು ಹಾಲು. ಧೂಮಪಾನಿ ಇರುವವರೆಗೆ ಮಾತ್ರ ಈ ಯೋಜನೆ ಜಾರಿಯಲ್ಲಿರತಕ್ಕದ್ದು.”

ನಿಗರಾಣಿ ಅಧಿಕಾರಿಯಾಗಿ ಹಂಪಣ್ಣನವರ ಅಳಿಯ ಮರಿಸ್ವಾಮಿ ನೇಮಕಗೊಂಡ. ಮೂರು ವರ್ಷದಿಂದ ಮಾವನ ಮನೆಯಲ್ಲೇ ಉಂಡುಕೊಂಡಿದ್ದ ಆತನಿಗೆ ಕುಳಿತುಕೊಳ್ಳುವ ಅನುಭವ ಸಾಕಷ್ಟಿತ್ತು. ತಗಡಿನ ಕೋಣೆ ಎದ್ದಿತು. ಹಾಲು ಬರತೊಡಗಿತು, ಮರಿಸ್ವಾಮಿಯ ಕೂಸು ಸಣ್ಣದಿದ್ದುದರಿಂದ ಅದು ನೇರವಾಗಿ ಅವನ ಮನೆಗೇ ಹೋಗತೊಡಗಿತು. ವಾರಕ್ಕೊಂದು ಬೀಡಿಯ ಮೇಲೆ ನಿಗಾ ಇಡುವುದು ಸರ್ಕಾರಿ ವೇಳೆಯ ಅಪವ್ಯಯವೆಂದು ದಿನಕ್ಕೆ ನಾಲ್ಕು ಎಂದು ಗೊತ್ತುಪಡಿಸಲಾಯಿತು.

ತಿಂಗಳೊಳಗೆ ಯಂಕೋಬನಿಗೆ ಕೆಮ್ಮು ಹತ್ತಿತು. ಹುತುತಿನಲ್ಲಿ ಗೆರೆ ದಾಟುವಷ್ಟರಲ್ಲಿ ಉಸಿರು ನಿಲ್ಲತೊಡಗಿತು. ಅವನು ಹೆದರಿ ಮರಿಸ್ವಾಮಿಯ ಮುಂದೆ ಹೋಗಿ ನಿಂತ.

“ನಾ ಬೀಡಿ ಬಿಡ್ತೀನ್ರಿ. ದಮ್ಮ ಹಿಡಿಯಾಕ ಆಗವಲ್ದು.”

“ಬಿಡ್ತಿ? ಹಂಗ ಬಿಡಾಕ ಬರೂದಿಲ್ಲಪಾ. ಅರ್ಜಿ ಕೊಡಬೇಕು.”

ಯಂಕೋಬ ಅರ್ಜಿ ಕೊಟ್ಟ. ಎಂಟು ದಿನದ ಮೇಲೆ ಅದು ಷರಾ ಹೊತ್ತು ಮರಳಿ ಬಂತು: “ಅರ್ಜಿದಾರನು ಧೂಮಪಾನ ಬಿಟ್ಟಲ್ಲಿ ನಿಗರಾಣಿಗೆ ಒಳಪಡುವುದಿಲ್ಲ, ನಿಗರಾಣಿಗೆ ಒಳಪಡದವನ ಅರ್ಜಿಯನ್ನು ಈ ವಿಭಾಗ ಪರಿಶೀಲಿಸುವಂತಿಲ್ಲ. ಬಿಡುವ ಮೊದಲು ಕೊಟ್ಟ ಅರ್ಜಿ ಅಕಾಲಿಕ.”

ಅವನು ಷರಾವನ್ನು ಅಂಬಮ್ಮನಿಗೆ ಓದಿ ಹೇಳಿದ. ಅವಳು ಒಲೆ ಊದುವುದು ಬಿಟ್ಟು ನೋಡಿದಳು. “ಅವ್ರ ಕಾಗದ ಅವ್ರಿಗೆ ಇರಲಿ. ನೀ ಸುಮ್ನ ಒಳಗ ಕುಂತು ಎದ್ದು ಬಾ. ಸೇದಬ್ಯಾಡ. ಯಾರು ಬಾಯಿ ಮೂಸಿ ನೋಡ್ತಾರ?”

ಯಂಕೋಬ ಹಾಗೇ ಮಾಡಿದ. ದಿನಕ್ಕೆ ನಾಲ್ಕು ಸಲ ಕೋಣೆಗೆ ಹೋಗಿ, ಬೀಡಿಯನ್ನು ಚೂರು ಮಾಡಿ ಮಣ್ಣಿನಲ್ಲಿ ಹೂತು ಬರುತ್ತಿದ್ದ. ಕೆಮ್ಮು ಇಳಿಯಿತು. ಹುಡುಗನ ಮುಖಕ್ಕೆ ಗೆಲುವು ಬಂತು. ಅದೇ ಮುಳುವಾಯಿತು. ಮರಿಸ್ವಾಮಿ ಅನುಮಾನಗೊಂಡು ಒಂದು ಮಧ್ಯಾಹ್ನ ಬಾಗಿಲು ತಳ್ಳಿ ಒಳನುಗ್ಗಿದ. ಹೊಗೆ ಇರಲಿಲ್ಲ.

“ಲೇ ಯಂಕ್ಯಾ! ಕದ್ದು ಸೇದದ ಕುಂತೀಯೇನು?”

ಸಮಿತಿ ತುರ್ತಾಗಿ ಸಭೆ ಸೇರಿತು. ಹಂಪಣ್ಣನವರು ಗದ್ಗದಿತರಾಗಿ ಹೇಳಿದರು: “ಅನ್ನ ಹಾಕಿದ ಸಂಸ್ಥಾಕ್ಕ ದ್ರೋಹ ಮಾಡ್ಯಾನ. ಒಬ್ಬ ಹುಡುಗ ಕೆಟ್ಟರ ಉಳಿದವರ ಗತಿ ಏನ್ರಿ?” ಕರಿಬಸಯ್ಯನವರು “ಹುಡುಗ ಬೀಡಿ ಬಿಟ್ಟಾನ ಅಂದ್ರ ಚಲೋನ ಆತಲ್ರಿ” ಎಂದು ಶುರು ಮಾಡಿದರು. ವಿಷಯದಿಂದ ಹೊರಗೆ ಮಾತಾಡಬಾರದೆಂದು ಅವರಿಗೆ ತಾಕೀದು ಮಾಡಲಾಯಿತು. ಅವರಿಗೂ ಮನೆಯಲ್ಲಿ ಐದು ಮಕ್ಕಳಿದ್ದರು, ನಡಾವಳಿಗೆ ಸಹಿ ಹಾಕಿದರು.

ಶಿಕ್ಷೆ ಎರಡು ಬಗೆಯಾಗಿತ್ತು. ಇನ್ನು ಮುಂದೆ ಯಂಕೋಬ ಬಾಗಿಲು ತೆರೆದಿಟ್ಟು ಸೇದಬೇಕು. ದಸರೆಯ ಆಟದಿಂದ ಅವನ ಹೆಸರು ತೆಗೆಯಬೇಕು.

ಆಟದ ದಿನ ಬಯಲಿನಿಂದ ಕೂಗು ಕೇಳುತ್ತಿತ್ತು. ಯಂಕೋಬ ಕೋಣೆಯಲ್ಲಿ ಮಂಡಿ ಹಿಡಿದು ಕೂತು, ಯಾರು ಹೊಕ್ಕರು, ಯಾರು ಔಟಾದರು ಎಂದು ಕೂಗಿನಿಂದಲೇ ಲೆಕ್ಕ ಹಾಕಿದ. ಮಸ್ಕಿ ಸೋತದ್ದೂ ಅವನಿಗೆ ಹಾಗೇ ಗೊತ್ತಾಯಿತು. ಅವತ್ತು ನಾಲ್ಕು ಬೀಡಿ ಮುಗಿದ ಮೇಲೆ ಐದನೆಯದನ್ನು ತಾನೇ ಕೇಳಿ ತೆಗೆದುಕೊಂಡ. ಮರಿಸ್ವಾಮಿ ಅದನ್ನು ‘ಪ್ರಗತಿ’ ಎಂದು ಬರೆದ.

ಮುಂದಿನ ಬೇಸಿಗೆಯಲ್ಲಿ ಯಂಕೋಬನಿಗೆ ಹದಿನೆಂಟು ತುಂಬಿತು. ನಿಯಮದ ಪ್ರಕಾರ ನಿಲಯ ಬಿಡಬೇಕಿತ್ತು. ಕಾಲುವೆ ಕೆಲಸಕ್ಕೆ ಹೋಗುತ್ತೇನೆಂದ. ಧೂಮಪಾನಿಯ ಜಾಗ ತೆರವಾಗುವುದೆಂದು ಪ್ರಕಟಣೆ ಅಂಟಿಸಿದರು: “ಅನುಭವ ಇಲ್ಲದಿದ್ದರೂ ಅಡ್ಡಿಯಿಲ್ಲ. ಎದೆ ಗಟ್ಟಿ ಇರತಕ್ಕದ್ದು.” ಬಳಗಾನೂರಿನ ಬಸ್ಸಪ್ಪನೆಂಬ ಹದಿನಾರರ ಹುಡುಗ, ಬಾವಿಯಲ್ಲಿ ಮುಳುಗಿದರೆ ಎಲ್ಲರಿಗಿಂತ ತಡವಾಗಿ ಏಳುತ್ತಿದ್ದವನು, ಒಮ್ಮತದಿಂದ ಆಯ್ಕೆಯಾದ. ಹಾಲು ಸಿಗುತ್ತದೆಂದು ಯಾರೋ ಅವನಿಗೆ ಹೇಳಿದ್ದರು.

ಬೀಳ್ಕೊಡುಗೆಯ ದಿನ ಎಲ್ಲರ ಎದುರಿಗೆ ಚಾರ್ಜು ವಹಿಸಿಕೊಡಲಾಯಿತು. ಯಂಕೋಬ ಬೀಡಿ ಹೊತ್ತಿಸಿ ಬಸ್ಸಪ್ಪನ ಕೈಗಿಟ್ಟ. ಹುಡುಗ ಒಂದು ದಮ್ಮು ಎಳೆದು, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ ಕುಕ್ಕರುಗಾಲಿನಲ್ಲಿ ಕುಸಿದ. ಸಭೆ ಚಪ್ಪಾಳೆ ತಟ್ಟಿತು. ಕರಿಬಸಯ್ಯನವರೂ ತಟ್ಟಿದರು.

ಯಂಕೋಬ ಬಗ್ಗಿ ಅವನ ಬೆನ್ನು ಸವರಿದ.

“ಏನೂ ಆಗೂದಿಲ್ಲ ಬಿಡಲೇ ತಮ್ಮಾ,” ಎಂದ, “ಒಂದು ತಿಂಗಳು ಅಷ್ಟ. ಆಮ್ಯಾಲ ಆಟ ಆಡ್ಬೇಕು ಅನ್ಸೂದ ಇಲ್ಲ.”