ಟೈಮಿಗೆ ಬಂದ ಕ್ವಾರ್ಟರ್ಲಿ

ಬೆಳಗಾವಿ ಕ್ಯಾಂಪಿನ್ಯಾಗ ನಮ್ಮದೊಂದು ಸಣ್ಣ ಛಾಪಖಾನಿ ಐತಿ. ನಮ್ಮ ಮಾವನವರು ಬೋರ್ಡಿನ ಮ್ಯಾಲೆ ಬರಸ್ಯಾರ: ‘ಡೇಲಿ, ವೀಕ್ಲಿ, ಮಂಥ್ಲಿ, ಕ್ವಾರ್ಟರ್ಲಿ, ಆ್ಯನುವಲ್ – ಎಲ್ಲಾ ಛಾಪಿಸಿ ಕೊಡಲಾಗುವುದು.’ ಮದುವಿಯಾಗಿ ಬಂದಾಗಿನಿಂದ ಇಲ್ಲೇ ಕಂಪ್ಯೂಟರ್ ಮುಂದ ಕುಂತೀನಿ. ಈ ಐದು ಶಬ್ದದಾಗ ಒಂದರ ಹೇಳಿದ ಮಾತು ಕೇಳಿ ಟೈಮಿಗೆ ಬಂದದ್ದು ನಾ ಹ್ವಾದ ವರ್ಷದ ತನಕ ನೋಡಿರಲಿಲ್ಲ.

ಈ ವರ್ಷ ಮಾತ್ರ ಒಂದು ಶಬ್ದ ಮಾತು ಕೇಳಾಕಬೇಕಾತು. ಖಾನಾಪುರದಾಗ ಒಬ್ಬರು ರಿಟೈರ್ ಆದ ಮಾಸ್ತರ್ರು ಅದಾರ, ಕ್ವಾರ್ಟರ್ಲಿ ಪತ್ರಿಕಿ ನಡಸ್ತಾರ. ಮೂರು ತಿಂಗಳಿಗೊಮ್ಮೆ ಬರಬೇಕಾದ್ದು, ವರ್ಷಕ್ಕೊಮ್ಮೆ ನಾಲ್ಕೂ ಸಂಚಿಕಿ ಒಂದ ಹೊಟ್ಟ್ಯಾಗ ಕಟ್ಟಿಕೊಂಡು ಬರ್ತಿತ್ತು. ಪತ್ರಿಕಿ ನೋಂದಣಿ ಆಫೀಸಿನವರು ಕಾಗದ ಕಳಿಸಿದ್ರು: ‘ಈ ವರ್ಷ ನಾಲ್ಕೂ ಸಂಚಿಕೆ ಸಮಯಕ್ಕೆ ಬರದಿದ್ದರೆ ನೋಂದಣಿ ರದ್ದು.’

ಮಾಸ್ತರ್ರು ಆ ಕಾಗದ ನನ್ನ ಟೇಬಲ್ ಮ್ಯಾಲಿಟ್ಟು, “ತಂಗಿ, ಮುಂಜಾನೆ ಎದ್ದು ಮಾಡಾಕ ನನಗಿರೂದು ಇದೊಂದ ಕೆಲಸ ನೋಡು” ಅಂದ್ರು. ನನ್ನ ಬಾಯಿ ಜೋರು ಖರೇ, ಆದ್ರ ಅವತ್ತು ಬೈಯಾಕ ಬಾಯಿ ಬರಲಿಲ್ಲ.

ಡೇಲಿ

ಆ ಪತ್ರಿಕಿಗೆ ‘ಹೊಲದ ಮಾತು’ ಬರಿಯಾವರು ಬೀಡಿ ಊರಿನ ಒಬ್ಬ ರೈತರು, ನಾವು ಕಾಕಾ ಅಂತೀವಿ. ಬರಿಯಾವರು ಅಂದ್ನಲ್ಲ, ಬರೀತೀನಿ ಅಂತ ಹೇಳಾವರು ಅನ್ನೂದ ಸರಿ. ಪ್ರತಿ ಶನಿವಾರ ಮಾರ್ಕೆಟ್ಟಿಗೆ ಬಂದು, ಬಸ್ಸಿನ ಹೊತ್ತಾಗೂತನಕ ನಮ್ಮ ಅಂಗಡ್ಯಾಗ ಕುಂದರ್ತಾರ. ಅವರ ಸಲುವಾಗಿ ವಾರದ ಡೇಲಿ ಪೇಪರ್ ಎಲ್ಲಾ ತಗದಿಟ್ಟಿರ್ತೀನಿ. ಅವರು ಸೋಮವಾರದಿಂದ ಸುರು ಮಾಡಿ, ಸರದಿ ತಪ್ಪದಂಗ ಶನಿವಾರಕ್ಕ ಬರ್ತಾರ. ನಡುವ ಯಾರರ ಮುಂದಿನ ಸುದ್ದಿ ಹೇಳಿದ್ರೋ, ಮುಗೀತು ಕಥಿ. ಅವರ ಊರಾಗೂ ಅಂಜಿ ಯಾರೂ ಸುದ್ದಿ ಹೇಳಂಗಿಲ್ಲ.

ಒಮ್ಮೆ ನಮ್ಮ ಮನಿಯವರು, “ಕಾಕಾ, ಮ್ಯಾಚ್ ನಾವ ಗೆದ್ವಿ!” ಅಂದ್ರು. ಕಾಕಾ ಚಸ್ಮಾ ತಗದು ಕೆಂಗಣ್ಣು ಬಿಟ್ರು. “ನಾ ಇನ್ನೂ ಮಂಗಳವಾರದಾಗ ಅದೀನಿ. ಮ್ಯಾಚು ಬುಧವಾರ ಐತಿ. ಯಾಕ ಹೇಳಿದಿ?” ಎರಡು ವಾರ ಮಾತ ಬಿಟ್ರು.

ಇನ್ನೊಮ್ಮೆ ಪೇಪರ್ ಓದಿಕೋತ ಕುಂತಾವರು ದಡಕ್ಕನ ಎದ್ದು ಹೊರಗ ಓಡಿದ್ರು. ಬಿಸಲಾಗ ಇಟ್ಟಿದ್ದ ಮೆಣಸಿನಕಾಯಿ ಚೀಲ ಎಳಕೊಂಡು ಒಳಗ ಬಂದ್ರು. ಹೊರಗ ಮೋಡದ ಚೂರೂ ಇಲ್ಲ. “ಏನಾತ್ರೀ?” ಅಂದೆ. ಗುರುವಾರದ ಪೇಪರ್ ತೋರಿಸಿ, “ಇವತ್ತ ಜೋರ ಮಳಿ ಐತಂತ ಹಾಕ್ಯಾರಲ್ಲವಾ!” ಅಂದ್ರು.

ಆ್ಯನುವಲ್

ಒಂದು ಕಾಲೇಜಿನ ಆ್ಯನುವಲ್ ನಮ್ಮಲ್ಲಿ ಛಾಪಾಕ ಬಂದಿತ್ತು. ಪ್ರಿನ್ಸಿಪಾಲರ ಸಂದೇಶ ಬರೂದ್ರಾಗ ಪ್ರಿನ್ಸಿಪಾಲರು ಬದಲಾದ್ರು. ಹೊಸಬರ ಸಂದೇಶ ಬಂತು, ಫೋಟೋ ಬರಲಿಲ್ಲ. ಫೋಟೋ ಬಂತು, ಅವರೂ ಬದಲಾದ್ರು. ಹಿಂಗ ವರ್ಷಗಟ್ಟಲೆ ಅದು ನನ್ನ ಕಂಪ್ಯೂಟರಿನ್ಯಾಗ ಮಲಗಿತ್ತು.

ಕಡೀಕೊಂದು ದಿನ ಪ್ರೂಫ್ ನೋಡಾಕ ಹೊಸಾ ಲೆಕ್ಚರರ್ ಒಬ್ಬ ಬಂದ. ಕೆಂಪು ಪೆನ್ ಹಿಡಕೊಂಡು ಗಂಭೀರಾಗಿ ನೋಡಿದ. ಒಂದು ಪ್ರೇಮ ಕವನ ಬಂದ ಕೂಡ್ಲೇ ಅವನ ಮುಖ ಪೆನ್ನಿಗಿಂತ ಕೆಂಪಾತು. “ಇಂಥಾವೆಲ್ಲಾ ಯಾರು ಬರೀತಾರೋ!” ಅಂದು ಪೂರಾ ಕಾಟು ಹೊಡದ. ನಾ ಕವನದ ಬಾಜು ಇದ್ದ ಕವಿಯ ಫೋಟೋ ನೋಡಿದೆ. ಕೂದಲಾ ಸ್ವಲ್ಪ ಹೆಚ್ಚಿದ್ವು, ಅಷ್ಟ. ಅದ ಕಾಲೇಜಿನ್ಯಾಗ ಸ್ಟೂಡೆಂಟ್ ಇದ್ದಾಗ ಬರದ ಕವಿ ಅವನ ಆಗಿದ್ದ!

ಕ್ವಾರ್ಟರ್ಲಿ

ಮಾಸ್ತರ್ರ ಪತ್ರಿಕಿಗೆ ಬರೋಣು. ಮೊದಲನೇ ಸಂಚಿಕಿಗೆ ಲೇಖನ ಕೇಳಿ ಎಲ್ಲಾರಿಗೂ ಪತ್ರ ಹಾಕಿದ್ರು. ಒಬ್ಬರೂ ಒಂದು ಸಾಲು ಕಳಿಸಲಿಲ್ಲ. ಪಾಪ, ಮಾಸ್ತರ್ರ ಬ್ಯಾರೆ ಬ್ಯಾರೆ ಹೆಸರಿನ್ಯಾಗ ಎಲ್ಲಾ ಪುಟ ಬರದು ತುಂಬಿಸಿದ್ರು. ನಾ ಊಟ ಬಿಟ್ಟು ಜೋಡಿಸಿದೆ. ಸಂಚಿಕಿ ಕರೆಕ್ಟ್ ತಾರೀಖಿಗೆ ಟಪಾಲಿಗೆ ಬಿತ್ತು. “ಮುಂದಿನದಕ್ಕ ಏನ ಮಾಡೂದು ತಂಗಿ? ನನ್ನ ತಲಿಯೊಳಗ ಇದ್ದದ್ದೆಲ್ಲಾ ಮುಗೀತು” ಅಂತ ಮಾಸ್ತರ್ರು ಸಪ್ಪಗಾಗಿ ಖಾನಾಪುರಕ್ಕ ಹ್ವಾದ್ರು.

ಮೂರನೇ ದಿನ ಪಾರಿಶ್ವಾಡದ ಚಂದಾದಾರರೊಬ್ಬರ ಫೋನ್ ಬಂತು. ಹಲೋ ಸೈತ ಅನ್ನದ ಕೇಳಿದ್ರು: “ಯಾವಾಗ ಹ್ವಾದ್ರು ಮಾಸ್ತರ್ರು?”

“ಮೊನ್ನೆ ಸಂಜಿ ಬಸ್ಸಿಗೆ ಹ್ವಾದ್ರಲ್ಲ” ಅಂದೆ.

“ಅಯ್ಯೋ, ಬಸ್ಸಿನ್ಯಾಗ ಏನು!” ಅಂದು ಫೋನ್ ಇಟ್ಟಬಿಟ್ರು.

ಆಮ್ಯಾಲೆ ತಿಳೀತು. ಆ ಪತ್ರಿಕಿ ಹಿಂದ ಒಂದ ಸಲ ಟೈಮಿಗೆ ಬಂದಿತ್ತಂತ, ಅದೂ ಸುರು ಮಾಡಿದವರು ತೀರಿಕೊಂಡಾಗ, ಶ್ರದ್ಧಾಂಜಲಿ ಸಂಚಿಕಿ ಅಂತ. ಹಿಂಗಾಗಿ ಈ ಸಲ ಟೈಮಿಗೆ ಬಂದದ್ದು ನೋಡಿ, ಮಾಸ್ತರ್ರೂ ತೀರಿಕೊಂಡ್ರು ಅನಕೊಂಡು, ಸುತ್ತಿದ ಕಾಗದ ಬಿಚ್ಚದನ ಜನ ಕೈ ಮುಗದಿದ್ರು. ಪಾರಿಶ್ವಾಡದವರು ಊರೆಲ್ಲಾ ಫೋನ್ ಮಾಡಿದ್ರು. ಬುಧವಾರ ಒಂದು ಡೇಲಿಯೊಳಗ ‘ಸಂಪಾದಕ ಮಾಸ್ತರರು ಇನ್ನಿಲ್ಲ’ ಅಂತ ಬಂತು. ಗುರುವಾರ ಅದ ಪೇಪರಿನ್ಯಾಗ ‘ಇದ್ದಾರೆ, ವಿಷಾದಿಸುತ್ತೇವೆ’ ಅಂತ ಬಂತು. ಇದ್ದದ್ದಕ್ಕ ವಿಷಾದ ಪಟ್ಟವರನ್ನ ನಾ ಮೊದಲನೇ ಸಲ ನೋಡಿದೆ.

ಅಷ್ಟೊತ್ತಿಗೆ ನಮ್ಮ ಅಂಗಡಿ ಅಡ್ರೆಸ್ಸಿಗೆ ಮಾಸ್ತರ್ರ ಮ್ಯಾಲೆ ಬರದ ಶ್ರದ್ಧಾಂಜಲಿ ಲೇಖನ ರಾಶಿಗಟ್ಟಲೆ ಬಂದು ಬಿದ್ದಿದ್ವು. ವರ್ಷಾನುಗಟ್ಟಲೆ ಪತ್ರ ಹಾಕಿದ್ರೂ ಒಂದು ಕವನ ಕಳಿಸದವರು, ಒಂದ ಸಂಜ್ಯಾಗ ತಲಾ ನಾಲ್ಕು ಪುಟ ಬರದು ಕಳಿಸಿದ್ರು!

ಶನಿವಾರ ಮಾಸ್ತರ್ರು ಅಂಗಡಿಗೆ ಬಂದ್ರು. ಬುಧವಾರದ್ದು ಓದಿ ಪರಊರಿಗೆ ಹೋಗಿದ್ದ ನಮ್ಮ ಮನಿಯವರು ಗುರುವಾರದ ಪೇಪರ್ ನೋಡಿರಲಿಲ್ಲ, “ಅರೇ, ಯೆ ತೋ ಜಿಂದಾ ಹೈಂ! ಬದುಕ್ಯಾರಲ್ಲಾ!” ಅಂತ ಚಾದ ಕಪ್ಪ ಕೆಡವಿದ್ರು. ಮಾಸ್ತರ್ರು ಶಾಂತಾಗಿ ಕುಂತು ಎಲ್ಲಾ ಲೇಖನ ಓದಿದ್ರು. ಓದಿಕೋತ ಓದಿಕೋತ ಎರಡು ಸಲ ಕಣ್ಣು ಒರಸಿಕೊಂಡ್ರು. ಆಮ್ಯಾಲೆ, “ತಂಗಿ, ‘ಇದ್ದರು’ ಅನ್ನೂದೆಲ್ಲಾ ‘ಇದ್ದಾರೆ’ ಮಾಡು. ಉಳದದ್ದು ಹಂಗ ಇರ್ಲಿ, ಭಾಳ ಖರೇ ಬರದಾರ” ಅಂದ್ರು.

ಎಣಿಸಿ ನೋಡಿದ್ವಿ. ಉಳದ ಮೂರೂ ಸಂಚಿಕಿ ತುಂಬತಿದ್ವು. ಎರಡು ಪುಟ ಮಾತ್ರ ಖಾಲಿ, ಅದು ‘ಹೊಲದ ಮಾತು’.

ಮತ್ತ ಡೇಲಿ

ಅಷ್ಟರಾಗ ಹೊರಗ ಕಾಕಾನ ಚಪ್ಪಲ್ ಸದ್ದಾತು. ಮಾಸ್ತರ್ರಿಗೆ ಏನು ಹೊಳೀತೋ, ಎದ್ದು ಮಿಷಿನ್ ಹಿಂದ ಹೋಗಿ ನಿಂತ್ರು.

ಕಾಕಾ ಕುಂತು ಸೋಮವಾರ ಓದಿದ್ರು, ಮಂಗಳವಾರ ಓದಿದ್ರು. ಬುಧವಾರ ತಗದ್ರು. “ಅಯ್ಯ ನಮ್ಮಪ್ಪಾ! ಮಾಸ್ತರ್ರು ಹೋಗಿಬಿಟ್ರಲ್ಲವಾ! ಬರೀತೀನಿ ಬರೀತೀನಿ ಅಂತ ಕಡೀತನಕ ದಾರಿ ಕಾಯಿಸಿದ್ನಲ್ಲಾ!” ಅಂತ ಅಳಾಕ ಹತ್ತಿದ್ರು.

ನನಗ ತಡೀಲಿಲ್ಲ. ಗುರುವಾರದ ಪೇಪರ್ ಕೊಡಾಕ ಹ್ವಾದೆ. ಮಿಷಿನ್ ಹಿಂದಿಂದ ಮಾಸ್ತರ್ರು ಎರಡೂ ಕೈ ಬೀಸಿ, ಬ್ಯಾಡಾ ಬ್ಯಾಡಾ ಅಂದ್ರು. ‘ಮೊದಲ ಬರಸು’ ಅಂತ ಕೈಸನ್ನಿ ಮಾಡಿ ತೋರಿಸಿದ್ರು.

ನಾ ಪೇಪರ್ ಬೆನ್ನ ಹಿಂದ ಇಟ್ಟುಕೊಂಡು, “ಕಾಕಾ, ಈಗರ ಎರಡು ಪುಟ ಬರೀರಿ” ಅಂತ ಪೆನ್ನು ಕೊಟ್ಟೆ. ಕಾಕಾ ಮೂಗು ಏರಿಸಿಕೋತ ಬರದ್ರು ನೋಡ್ರಿ! ತಲಿ ಎತ್ತಲಿಲ್ಲ. ಬಸ್ಸು ಹ್ವಾತು, ಅದನ್ನೂ ನೋಡಲಿಲ್ಲ. ಎರಡು ಪುಟ ತುಂಬಿಸಿ ಸಹಿ ಹಾಕಿದ್ರು.

ಇನ್ನ ಮಾಸ್ತರ್ರಿಗೆ ತಡಕೊಳ್ಳಾಕ ಆಗಲಿಲ್ಲ. ಹೊರಗ ಬಂದು ಹಾಳಿ ಎತ್ತಿಕೊಂಡು, “ಚಲೋ ಬರದೀರಿ, ಕಾಕಾ” ಅಂದ್ರು.

ಕಾಕಾ ಒಮ್ಮೆ ಚಿಟ್ಟನ ಚೀರಿದ್ರು. ಆಮ್ಯಾಲೆ ಮಾಸ್ತರ್ರನ್ನ ಗಟ್ಟ್ಯಾಗಿ ತಬ್ಬಿಕೊಂಡು, ಭುಜಾ ಮುಟ್ಟಿ ಮುಟ್ಟಿ ನೋಡಿ, ನಕ್ಕೋತ ಅತ್ರು. ಆಮ್ಯಾಲೆ ಅವರ ಕಣ್ಣು ನನ್ನ ಕೈಯಾಗಿನ ಗುರುವಾರದ ಪೇಪರಿನ ಮ್ಯಾಲೆ ಬಿತ್ತು. ಒಮ್ಮಿಂದೊಮ್ಮೆಲೆ ಮುಖ ಸಿಂಡರಿಸಿ ಮಾಸ್ತರ್ರಿಗೆ ಅಂದ್ರು:

“ಇನ್ನೊಂದು ಐದು ಮಿನಿಟು ಒಳಗ ಇರಾಕ ಏನಾಗಿತ್ರೀ ನಿಮಗ? ಗುರುವಾರದ ಸುದ್ದಿ ಮೊದಲ ಹೇಳಿಬಿಟ್ರಲ್ಲಾ!”