ಸದ್ದಿಲ್ಲದೆ ಬರಬೇಕಾಗಿದ್ದ ಅಪ್‌ಡೇಟ್

ಆ ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷಕ್ಕೆ ಲಾರ್ನ್ ಬ್ರುಬೇಕರ್ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮೂರು ವರ್ಷ ಒಂದೇ ಕೆಲಸಕ್ಕೆ ತಲೆ ಕೊಟ್ಟ ಮನುಷ್ಯನಿಗೆ, ಅದು ಮುಗಿದ ದಿನ ಬಾಯಿ ಮುಚ್ಚಿಕೊಂಡಿರು ಎಂದರೆ ಹೇಗೆ ಸಾಧ್ಯ?

ಲಾರ್ನ್ ಕೆಲಸ ಮಾಡುತ್ತಿದ್ದುದು ಕಿಚನರ್ ಊರಿನ ಒಂದು ಸಣ್ಣ ಕಂಪನಿಗೆ. ಆ ಕಂಪನಿಯದು ಹೆರನ್ ಎಂಬ ಬ್ರೌಸರ್. ನಲವತ್ತು ಲಕ್ಷ ಜನ ಅದರಲ್ಲಿ ಹವಾಮಾನ ನೋಡುತ್ತಿದ್ದರು, ಪೇಪರ್ ಓದುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ಆರು ವಾರಕ್ಕೊಮ್ಮೆ ಅದಕ್ಕೊಂದು ಅಪ್‌ಡೇಟ್ ಬರುತ್ತಿತ್ತು, ಬಂದರೆ ಮದುವೆ ದಿಬ್ಬಣ ಬಂದ ಹಾಗೆ. ಪರದೆಯ ನಟ್ಟನಡುವೆ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತಿತ್ತು. ಅರ್ಧ ಗಂಟೆ ಏನನ್ನೋ ಇಳಿಸಿಕೊಳ್ಳುತ್ತಿತ್ತು. ಎಲ್ಲವನ್ನೂ ಮುಚ್ಚಿಸಿ ಮತ್ತೆ ತೆರೆಸುತ್ತಿತ್ತು. ತೆರೆದು ನೋಡಿದರೆ ಓದುತ್ತಿದ್ದ ಪುಟಗಳೆಲ್ಲ ಮಾಯ. ಜನ ಬೇಸತ್ತು ಅಪ್‌ಡೇಟ್ ಮಾಡುವುದನ್ನೇ ಬಿಟ್ಟಿದ್ದರು. ಹಳೆಯ ಬ್ರೌಸರಿನ ತೂತುಗಳಲ್ಲಿ ಕಳ್ಳರು ನುಗ್ಗುತ್ತಿದ್ದರು.

ಲಾರ್ನ್ ಮೂರು ವರ್ಷ ಮನೆಯ ನೆಲಮಾಳಿಗೆಯ ತನ್ನ ಮೇಜಿನ ಮುಂದೆ ಕೂತು ಈ ದಿಬ್ಬಣವನ್ನು ಬೆಕ್ಕಿನ ನಡಿಗೆಗೆ ಇಳಿಸಿದ್ದ. ಬದಲಾದ ಚೂರು ಮಾತ್ರ ಬರುತ್ತದೆ. ಯಾರನ್ನೂ ಕೇಳುವುದಿಲ್ಲ, ಯಾರನ್ನೂ ಕಾಯಿಸುವುದಿಲ್ಲ. ಕಂಪ್ಯೂಟರಿನ ಮುಚ್ಚಳ ಹಾಕಿ ಎದ್ದು ಹೋದಾಗ ಒಳಗೆ ಸೇರಿಕೊಳ್ಳುತ್ತದೆ. ಮತ್ತೆ ತೆರೆದರೆ ಎಲ್ಲ ಪುಟಗಳೂ ಇದ್ದಲ್ಲೇ ಇರುತ್ತವೆ. ಏನಾದರೂ ಎಡವಟ್ಟಾದರೆ ತಾನೇ ಹಿಂದಕ್ಕೆ ಸರಿದು ಹಳೆಯದನ್ನು ಕೂರಿಸಿ ಹೋಗುತ್ತದೆ. ನಲವತ್ತು ಲಕ್ಷ ಜನರಲ್ಲಿ ಒಬ್ಬರಿಗೂ ಗೊತ್ತಾಗಬಾರದು, ಅದೇ ಅದರ ಹೆಚ್ಚುಗಾರಿಕೆ. ಲಾರ್ನ್‌ನ ಸಂಕಟವೂ ಅದೇ.

ಎಂಟು ಗಂಟೆಗೆ ಸರಿಯಾಗಿ ಆಫೀಸಿನಲ್ಲಿ ಅದನ್ನು ಕಳಿಸುವ ಗುಂಡಿ ಒತ್ತುವುದೆಂದು ನಿಗದಿಯಾಗಿತ್ತು. ಲಾರ್ನ್ ಗಡಿಯಾರ ನೋಡಿದ. ಎಂಟು ಹೊಡೆಯಿತು. ಹೊರಗೆ ಮೇಪಲ್ ಮರದಿಂದ ಒಂದು ಎಲೆ ಬಿತ್ತು, ಅಷ್ಟೇ. ಹೇಳಿಕೊಳ್ಳೋಣವೆಂದರೆ ಹೆಂಡತಿ ವರ್ನಾ ಏಳಕ್ಕೇ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿದ್ದರೂ ಅವಳು ಕಿವಿ ಕೊಡುತ್ತಿರಲಿಲ್ಲ, ಮೂರು ವರ್ಷದಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಲಾರ್ನ್ ಫೋನನ್ನು ಮೇಜಿನ ಮೇಲೆಯೇ ಬಿಟ್ಟು, ಕಸದ ನೀಲಿ ಡಬ್ಬಿ ಎತ್ತಿಕೊಂಡು ರಸ್ತೆಗೆ ಬಂದ.

ಪಕ್ಕದ ಮನೆಯ ಮಿಸೆಸ್ ಝೇರ್ ತಮ್ಮ ಡಬ್ಬಿ ಇಡುತ್ತಿದ್ದರು. ಎಪ್ಪತ್ತಾರು ವರ್ಷದ ಹೆಡ್ವಿಗ್ ಝೇರ್ ಮೂವತ್ತು ವರ್ಷ ಶಾಲೆಯ ಆಫೀಸಿನಲ್ಲಿ ಕೂತು, ತಡವಾಗಿ ಬಂದವರನ್ನೆಲ್ಲ ವಿಚಾರಣೆ ಮಾಡಿದ ಹೆಂಗಸು. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ.

"ಏನು ಲಾರ್ನ್, ಮುಖ ಹೊಸ ತಪ್ಪಲೆ ಹಾಗೆ ಹೊಳೀತಿದೆ?"

"ಇವತ್ತು ನನ್ನ ಕೆಲಸ ಹೊರಗೆ ಬಂತು, ಮಿಸೆಸ್ ಝೇರ್. ನಾವು ಇಲ್ಲಿ ಮಾತಾಡ್ತಾ ಇರೋ ಹೊತ್ತಿಗೆ ಅದು ನಿಮ್ಮ ಕಂಪ್ಯೂಟರಿಗೂ ಬಂದಿರುತ್ತೆ. ನಿಮಗೆ ಗೊತ್ತೇ ಆಗಲ್ಲ."

ಮಿಸೆಸ್ ಝೇರ್ ಡಬ್ಬಿಯನ್ನು ನೆಲಕ್ಕಿಟ್ಟರು. "ನನ್ನ ಮನೆಗಾ? ನನ್ನ ಕೇಳದೇನೇ?"

"ಕೇಳೋ ಅಗತ್ಯಾನೇ ಇಲ್ಲ, ಅದೇ ಅದರ ಜಾಣತನ."

"ನಾನು ಸ್ನಾನಕ್ಕೆ ಹೋದಾಗ ಬಂದು ಹೋಯ್ತು ಅನ್ನು."

ಅಲ್ಲಿಗೇ ನಿಲ್ಲಿಸಬೇಕಿತ್ತು. ಲಾರ್ನ್ ಬದಲಾದ ಚೂರಿನ ಮಹಿಮೆಯನ್ನು ಹತ್ತು ನಿಮಿಷ ವಿವರಿಸಿದ. ಮಿಸೆಸ್ ಝೇರ್ ಅರ್ಧಕ್ಕೇ ಒಳಗೆ ಹೋದರು. ಮಿಲ್‌ಬ್ರೂಕ್ ಬೀದಿಯಲ್ಲಿ ಹಿಮ ಹೆಚ್ಚು ಬಿದ್ದರೆ, ಬೆಕ್ಕು ಕಳೆದರೆ ಒಬ್ಬರಿಂದ ಒಬ್ಬರಿಗೆ ಫೋನ್ ಮಾಡುವ ಪಟ್ಟಿಯೊಂದಿತ್ತು. ಎಂಟೂವರೆಯೊಳಗೆ ಆ ಪಟ್ಟಿ ಮೇಲಿಂದ ಕೆಳಗಿನವರೆಗೆ ಓಡಿತು.

ಒಂಬತ್ತಕ್ಕೆ ಮಿಸೆಸ್ ಝೇರ್ ಜಗಲಿಯಿಂದಲೇ ಕೂಗಿದರು. "ಬಾ ಇಲ್ಲಿ. ಬಂದಿದೆ ನಿನ್ನ ಸರಕು."

ಪರದೆಯ ಮೇಲೆ ಅಕ್ಷರಗಳು ಅಂಗಡಿ ಬೋರ್ಡಿನಷ್ಟು ದೊಡ್ಡದಾಗಿದ್ದವು. ಹವಾಮಾನದ ಪುಟದಲ್ಲಿ "ಮೋ" ಎಂಬ ಒಂದಕ್ಷರ ಬಿಟ್ಟರೆ ಬೇರೇನೂ ಹಿಡಿಸುತ್ತಿರಲಿಲ್ಲ. ಕೀಲಿಮಣೆಯ ಮೇಲೆ ಅವರ ಬೆಕ್ಕು ಓಟೊ ಹೊಟ್ಟೆಯೂರಿ ಮಲಗಿತ್ತು. ಲಾರ್ನ್ ಬೆಕ್ಕನ್ನು ಎತ್ತಿಟ್ಟು ಎರಡು ಕೀಲಿ ಒತ್ತಿದ. ಅಕ್ಷರಗಳು ಮೊದಲಿನಂತಾದವು.

"ಇದು ಅಪ್‌ಡೇಟಿಂದ ಆದದ್ದಲ್ಲ, ಮಿಸೆಸ್ ಝೇರ್. ಓಟೊ ಮಾಡಿದ್ದು."

"ಹಾಗಾದ್ರೆ ನಿಂದು ನಂಗೆ ಬಂದೇ ಇಲ್ಲ ಅನ್ನು." ಅವರ ಮುಖ ಸಪ್ಪಗಾಯಿತು. "ಬೇರೆಯವರಿಗೆಲ್ಲ ಬಂತು, ನಂಗಿಲ್ಲ. ಮೂರು ವರ್ಷದ ಕೆಲಸ, ಪಕ್ಕದ ಮನೆ ತನಕ ಬರೋಕಾಗಲಿಲ್ಲ."

ಈ ಮಾತು ಲಾರ್ನ್‌ನ ಮರ್ಮಕ್ಕೆ ತಾಗಿತು. "ಬಂದಿದೆ. ಖಂಡಿತ ಬಂದಿದೆ" ಎಂದ. ಎಷ್ಟನೆಯ ಆವೃತ್ತಿ ಎಂದು ತೆರೆದು ನೋಡಿದರೆ ನಲವತ್ತು ಎಂದಿತ್ತು, ಇರಬೇಕಾದದ್ದು ನಲವತ್ತೊಂದು. "ಮುಚ್ಚಳ ಹಾಕಿ ತೆಗೆದ್ರೆ ನಲವತ್ತೊಂದಾಗುತ್ತೆ. ಒಂದು ಸಲ ಹಾಕಲಾ?"

"ಮುಟ್ಟಬೇಡ. ಮಾರ್ಚಲ್ಲಿ ಒಂದು ಸಲ ಹಾಕಿದ್ದೆ, ಮತ್ತೆ ಇಸ್ಪೀಟು ಸಿಗೋಕೆ ಎರಡು ದಿನ ಬೇಕಾಯ್ತು."

"ಹಾಗಿದ್ರೆ ಅಕ್ಷರ ದೊಡ್ಡದಾಗಿದ್ದು ಬಹುಶಃ ಅಪ್‌ಡೇಟಿಂದಲೇ ಇರಬೇಕು" ಎಂದ ಲಾರ್ನ್. ಹೇಳುವಾಗ ಓಟೊನ ಕಡೆ ನೋಡಲಿಲ್ಲ.

ಎದುರು ಮನೆಯ ಕ್ಲಿಫ್ ಪೆಟಿಗ್ರೂ ರಸ್ತೆಯಲ್ಲೇ ಕಾಯುತ್ತಿದ್ದ. ನಲವತ್ತು ವರ್ಷ ಊರಿಗೆಲ್ಲ ನಲ್ಲಿ ಪೈಪು ಜೋಡಿಸಿ ಈಗ ಪದಬಂಧ ಬಿಡಿಸುತ್ತ ಕೂತಿರುವ ಭಾರೀ ಆಳು. "ನೋಡಯ್ಯ ಲಾರ್ನ್, ಪದಬಂಧ ತೆರೆದ್ರೆ ನನ್ನ ಗ್ಯಾರೇಜ್ ಬಾಗಿಲು ತಾನಾಗೇ ತೆರ್ಕೊಳ್ತಿದೆ."

"ಅದಕ್ಕೂ ಬ್ರೌಸರಿಗೂ ಸಂಬಂಧ ಇಲ್ಲ, ಕ್ಲಿಫ್."

"ಬಂದು ನೋಡು, ಆಮೇಲೆ ಮಾತಾಡು."

ಕ್ಲಿಫ್ ಕುರ್ಚಿಯಲ್ಲಿ ಕೂತ. ಹೊರಗೆ ಗ್ಯಾರೇಜ್ ಬಾಗಿಲು ನರಳುತ್ತ ಮೇಲೆದ್ದಿತು. ಪರದೆ ನೋಡಲು ಮುಂದಕ್ಕೆ ಬಾಗಿದ, ಬಾಗಿಲು ಕೆಳಗಿಳಿಯಿತು. ಹಿಂದಕ್ಕೆ ಒರಗಿದ, ಮತ್ತೆ ಮೇಲೆದ್ದಿತು. ಲಾರ್ನ್ ಐದು ನಿಮಿಷ ಯೋಚಿಸಿ, "ಸ್ವಲ್ಪ ಎದ್ದು ನಿಲ್ಲಿ" ಎಂದ. ಪ್ಯಾಂಟಿನ ಹಿಂಜೇಬಿನಿಂದ ಬಾಗಿಲಿನ ರಿಮೋಟ್ ಹೊರಬಂತು.

ಕ್ಲಿಫ್ ಸ್ವಲ್ಪವೂ ಕುಗ್ಗಲಿಲ್ಲ. "ಈ ಜೇಬಲ್ಲಿ ರಿಮೋಟ್ ಇಟ್ಕೊಂಡು ವರ್ಷಗಟ್ಟಲೆ ಕೂತಿದ್ದೀನಿ. ಇವತ್ತೇ ಯಾಕೆ ತೆರೀತು? ಹೆಡ್ವಿಗ್ ಹೇಳಿದ್ಲು, ಅವಳ ಅಕ್ಷರಾನೂ ಇವತ್ತೇ ಊದ್ಕೊಂಡ್ವಂತೆ, ಮಾಡಿದ್ದು ನಿಂದೇ ಅಂತ ನೀನೇ ಒಪ್ಕೊಂಡ್ಯಂತೆ. ನಿನ್ನ ಅಪ್‌ಡೇಟ್ ಏನಾದ್ರೂ ಮಾಡುತ್ತೋ, ಸುಮ್ನೆ ಬಂದು ಹೋಗುತ್ತೋ?"

"ಬೇಕಾದಷ್ಟು ಮಾಡುತ್ತೆ" ಎಂದ ಲಾರ್ನ್, ಬೆನ್ನು ನೆಟ್ಟಗೆ ಮಾಡಿಕೊಂಡು.

"ಹಾಂ, ಹಾಗೆ ಹೇಳು."

ಹನ್ನೊಂದಕ್ಕೆ ಮೂಲೆಮನೆಯ ಅಲ್ಮೇಡಾ ದಂಪತಿಯ ಪ್ರಿಂಟರ್ ಒಣಮೀನಿನ ಅಡುಗೆ ಕ್ರಮವನ್ನು ಎಪ್ಪತ್ತನೆಯ ಸಲ ಅಚ್ಚು ಹಾಕುತ್ತಿತ್ತು. ಮಿಸ್ಟರ್ ಅಲ್ಮೇಡಾ ಮೊದಲ ಪ್ರತಿ ಬರುವುದು ತಡವಾಯಿತೆಂದು ಗುಂಡಿಯನ್ನು ಬಾಗಿಲು ಬಡಿದ ಹಾಗೆ ಬಡಿದಿದ್ದರು. ಲಾರ್ನ್ ಕಾಗದ ಎಳೆಯಲು ಹೋಗಿ ಮೂಗಿಗೆ, ಅಂಗಿಗೆ ಕಪ್ಪು ಮಸಿ ಬಳಿದುಕೊಂಡ. ಮಿಸೆಸ್ ಅಲ್ಮೇಡಾ ಕನಿಕರದಿಂದ ಅವನಿಗೊಂದು ಬಟ್ಟಲು ಸೂಪು ಕೊಟ್ಟು, "ಇಷ್ಟು ಶಕ್ತಿ ಇರೋ ಅಪ್‌ಡೇಟ್ ನೀನೊಬ್ನೇ ಮಾಡಿದ್ಯಾ?" ಎಂದು ಕೇಳಿದರು.

ಮೂರು ವರ್ಷದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಸೂಪಿನ ಹಬೆಯಲ್ಲಿ ಲಾರ್ನ್‌ನ ಕಣ್ಣು ತೇವವಾಯಿತು. "ನಾನೊಬ್ನೇ" ಎಂದ.

ಮಧ್ಯಾಹ್ನದ ಹೊತ್ತಿಗೆ ಕಾಲುದಾರಿಯ ಮೇಲೆ ಒಂದು ಸಣ್ಣ ಸಭೆಯೇ ನೆರೆದಿತ್ತು. ಒಬ್ಬರ ಶ್ರವಣಯಂತ್ರ ಸಿಳ್ಳೆ ಹಾಕುತ್ತಿತ್ತು. ಇನ್ನೊಬ್ಬರ ಕಾಫಿಗೆ ತಗಡಿನ ರುಚಿ ಬರುತ್ತಿತ್ತು. ಮತ್ತೊಬ್ಬರಿಗೆ ಮಗಳು ಫೋನ್ ಮಾಡಿರಲಿಲ್ಲ. ಮೊದಲು ಲಾರ್ನ್ ಒಂದೊಂದಕ್ಕೂ ಸಮಜಾಯಿಷಿ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟ. ಮಸಿ ಬಳಿದ ಮೂಗಿನ ಅವನನ್ನು ಸುತ್ತುಗಟ್ಟಿ ಹನ್ನೊಂದು ಜನ ಒಟ್ಟಿಗೆ ಅವನ ಕೆಲಸದ ಬಗ್ಗೆಯೇ ಮಾತಾಡುತ್ತಿದ್ದರು. ಬೇರೆ ಎಂಜಿನಿಯರುಗಳ ಕೆಲಸದ ಬಗ್ಗೆ ಅವರ ಹೆಂಡತಿಯರೂ ಮಾತಾಡುವುದಿಲ್ಲ.

"ದೂರು ಕೊಡೋಕೆ ಎಲ್ಲಾದ್ರೂ ಜಾಗ ಇದೆಯಾ?" ಎಂದು ಮಿಸೆಸ್ ಝೇರ್ ಕೇಳಿದರು.

"ಇದೆ. ಕಂಪನಿ ಪುಟದಲ್ಲಿ ಅಭಿಪ್ರಾಯ ಅಂತ ಒಂದು ಜಾಗ ಇದೆ. ನನ್ನ ವಿಭಾಗಕ್ಕೆ ಇವತ್ತಿನವರೆಗೂ ಒಬ್ರೂ ಬರೆದಿಲ್ಲ."

"ಪಾಪ" ಎಂದರು ಮಿಸೆಸ್ ಝೇರ್. "ಬರೀತೀವಿ ಬಿಡು."

ಲಾರ್ನ್ ಮನೆಮನೆಗೂ ಹೋಗಿ ಆ ಜಾಗ ತೋರಿಸಿಕೊಟ್ಟ. ಕ್ಲಿಫ್ ಬರೆದದ್ದರಲ್ಲಿ ಕಾಗುಣಿತ ತಿದ್ದಿದ. ಮಿಸ್ಟರ್ ಅಲ್ಮೇಡಾ ಪೋರ್ಚುಗೀಸಿನಲ್ಲಿ ಬೈದದ್ದನ್ನು ಸ್ವಲ್ಪ ಮೆತ್ತಗೆ ಮಾಡಿ ಇಂಗ್ಲಿಷಿನಲ್ಲಿ ಬರೆದುಕೊಟ್ಟ. ಎರಡು ಗಂಟೆಗೆ ಮೊದಲೇ ಹನ್ನೊಂದೂ ಕಂಪನಿಗೆ ಹೋದವು. ಆಮೇಲೆ ಅವನು ಶ್ರವಣಯಂತ್ರ ಸರಿಮಾಡಿದ, ಕಾಫಿ ಪಾತ್ರೆ ತೊಳೆದುಕೊಟ್ಟ. ನಾಲ್ಕು ಗಂಟೆಗೆ ಕಾಲು ಗಂಟೆ ಇರುವಾಗ ನೆಲಮಾಳಿಗೆಗೆ ಇಳಿದಾಗ ಫೋನು ಮೇಜಿನ ಮೇಲೆ ನಡುಗುತ್ತಿತ್ತು. ಮೇಲಧಿಕಾರಿ ನದೀನ್ ತಿಬೊ.

"ಲಾರ್ನ್, ಬೆಳಿಗ್ಗೆಯಿಂದ ಎಲ್ಲಿದ್ದೀರಿ? ಕೂತಿದ್ದೀರಾ?"

"ಕೂತಿದ್ದೀನಿ. ಹೇಗೆ ಹೋಗ್ತಿದೆ?"

"ಹೋಗಿಲ್ಲ."

"ಏನು ಹೋಗಿಲ್ಲ?"

"ಅಪ್‌ಡೇಟ್. ಎಂಟೂವರೆಗೇ ಮೆಸೇಜ್ ಹಾಕಿದ್ದೆ. ಗುಂಡಿ ಒತ್ತಬೇಕಾಗಿದ್ದ ಗ್ರೇಯಂ ಹೆದ್ದಾರಿಯಲ್ಲಿ ಸಿಕ್ಕಿಹಾಕ್ಕೊಂಡ. ಸುಗ್ಗಿ ಹಬ್ಬಕ್ಕೆ ಟರ್ಕಿ ಕೋಳಿ ತರ್ತಿದ್ದ ಲಾರಿ ಮಗುಚಿ, ದಾರಿ ತುಂಬಾ ಕೋಳಿ. ಅದಕ್ಕೇ ಎರಡು ಗಂಟೆಗೆ ಮುಂದೂಡಿದ್ವಿ."

ನಲವತ್ತು ಎಂಬ ಅಂಕಿ ಲಾರ್ನ್‌ನ ಕಣ್ಣ ಮುಂದೆ ಬಂದು ನಿಂತಿತು. "ಎರಡು ಗಂಟೆಗೆ ಹೋಯ್ತಲ್ವಾ?"

"ಎರಡು ಹೊಡೆಯೋಷ್ಟರಲ್ಲಿ ಹನ್ನೊಂದು ದೂರು ಬಂದ್ವು. ಅಕ್ಷರ ಊದ್ಕೊಂಡ್ವಂತೆ. ಗ್ಯಾರೇಜ್ ಬಾಗಿಲು ಕುಣೀತಂತೆ. ಮಗಳು ಫೋನ್ ಮಾಡಲಿಲ್ಲವಂತೆ. ಎಲ್ಲ ಒಂದೇ ಬೀದಿಯಿಂದ. ಕಂಪನಿ ಶುರುವಾದಾಗಿಂದ ನಾನು ಇಲ್ಲಿದ್ದೀನಿ, ಇನ್ನೂ ಹೊರಡದೇ ಇರೋ ಅಪ್‌ಡೇಟ್ ಮೇಲೆ ದೂರು ಬಂದಿದ್ದು ಇದೇ ಮೊದಲು."

"ನದೀನ್, ಅದು ಬೆಕ್ಕಿಂದ ಆದದ್ದು..."

"ಕಂಪನಿ ಯಜಮಾನರು ಹನ್ನೊಂದನ್ನೂ ಓದಿದ್ರು. ಹೋಗದೇನೇ ಜನಕ್ಕೆ ಇಷ್ಟು ತೊಂದರೆ ಆಗಿದೆ, ಹೋದ್ರೆ ಗತಿಯೇನು ಅಂತ ಕೇಳ್ತಿದ್ದಾರೆ. ತಡೆಹಿಡೀರಿ ಅಂದಿದ್ದಾರೆ. ಇನ್ನು ಮುಂದೆ ಪರದೆ ಮೇಲೆ ಒಂದು ಪೆಟ್ಟಿಗೆ ಬರಬೇಕು, ಜನರನ್ನ ಕೇಳಬೇಕು, ಅವರು ಹೂಂ ಅಂದ್ರೆ ಮಾತ್ರ ಒಳಗೆ ಹೋಗಬೇಕು. ಅದನ್ನ ಕ್ರಿಸ್ಮಸ್ ಒಳಗೆ ನೀವೇ ಮಾಡಿಕೊಡಬೇಕು." ಅತ್ತ ಕಾಗದ ತಿರುವಿದ ಸದ್ದು ಕೇಳಿಸಿತು. "ಇನ್ನೊಂದು. ಹನ್ನೊಂದು ಜನಾನೂ ಕೊನೆಯಲ್ಲಿ ಬರೆದಿದ್ದಾರೆ, ನಮ್ಮ ಬೀದಿಯ ಎಂಜಿನಿಯರು ತುಂಬ ಒಳ್ಳೆಯವನು, ಅವನಿಗೆ ಏನೂ ಮಾಡಬೇಡಿ ಅಂತ. ಅಂದಹಾಗೆ ನಿಮ್ಮ ಮನೆ ಇರೋದು ಯಾವ ಬೀದಿ, ಲಾರ್ನ್?"

ಲಾರ್ನ್ ಬೀದಿಯ ಹೆಸರು ಹೇಳಿದ. ನದೀನ್ ಅದನ್ನು ಎರಡು ಸಲ ಹೇಳಿಸಿಕೊಂಡು ಫೋನ್ ಇಟ್ಟಳು.

ಐದೂವರೆಗೆ ಅವನು ಮೇಲೆ ಬಂದಾಗ ಮಿಸೆಸ್ ಝೇರ್ ತಮ್ಮ ಜಗಲಿಯಲ್ಲಿ ದೀಪ ಹಾಕಿದ್ದರು. ಬೀದಿಯವರೆಲ್ಲ ಅಲ್ಲಿದ್ದರು. ಮೇಜಿನ ಮೇಲೆ ಬೆಣ್ಣೆ ಟಾರ್ಟುಗಳೆಂಬ ಸಿಹಿತಿಂಡಿ, ಅಲ್ಮೇಡಾ ಮನೆಯ ಒಣಮೀನಿನ ಪಲ್ಯ. ವರ್ನಾ ಕೆಲಸದಿಂದ ಬಂದವಳು ಮನೆಗೂ ಹೋಗದೆ ತಟ್ಟೆ ಹಿಡಿದು ಕೂತಿದ್ದಳು. ಅವನನ್ನು ಕಂಡು, "ಯಾಕೆ ಹೀಗೆ ನಿಂತ್ಯೋ, ಬಾರೋ. ಎಲ್ಲಾರೂ ನಿನ್ನ ಬಗ್ಗೇನೇ ಮಾತಾಡ್ತಿದ್ದಾರೆ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅವಳ ಮುಖದಲ್ಲಿ ಮೂರು ವರ್ಷದಿಂದ ಕಾಣದ ಹೆಮ್ಮೆ ಇತ್ತು.

ಕ್ಲಿಫ್ ಎದ್ದು ನಿಂತು ಒಂದು ಕಾಗದ ಬಿಡಿಸಿದ. ಕಂಪನಿ ಹನ್ನೊಂದು ಜನರಿಗೂ ಉತ್ತರ ಕಳಿಸಿತ್ತು. ನಿಮ್ಮ ದೂರಿನ ಮೇರೆಗೆ ಇಂದಿನ ಅಪ್‌ಡೇಟನ್ನು ಇಡೀ ಜಗತ್ತಿನಲ್ಲಿ ತಡೆಹಿಡಿಯಲಾಗಿದೆ, ಇನ್ನು ಮುಂದೆ ನಿಮ್ಮನ್ನು ಕೇಳದೆ ಯಾವುದೂ ಬರುವುದಿಲ್ಲ. ಕ್ಲಿಫ್ ಎರಡು ಸಲ ಓದಿದ. "ಇಡೀ ಜಗತ್ತಿನಲ್ಲಿ" ಎಂಬಲ್ಲಿ ದನಿ ಏರಿಸಿದ.

"ನಲವತ್ತು ಲಕ್ಷ ಜನ" ಎಂದರು ಮಿಸ್ಟರ್ ಅಲ್ಮೇಡಾ. "ಯಾರಿಗೂ ಆಗದ್ದು ನಮ್ಮ ಹನ್ನೊಂದು ಮನೆಯಿಂದ ಆಯ್ತು."

"ಅದನ್ನ ತೆಗೆದ ಮೇಲೆ ನನ್ನ ಕಂಪ್ಯೂಟರ್ ಗಾಳಿ ಹಾಗೆ ಓಡ್ತಿದೆ" ಎಂದ ಕ್ಲಿಫ್. ಎಲ್ಲರೂ ತಲೆಯಾಡಿಸಿದರು. ಅವರವರದೂ ಓಡುತ್ತಿತ್ತು.

ಮಿಸೆಸ್ ಝೇರ್ ಎಲ್ಲಕ್ಕಿಂತ ದೊಡ್ಡ ಟಾರ್ಟನ್ನು ಆರಿಸಿ ಲಾರ್ನ್‌ನ ಕೈಗಿಟ್ಟರು. "ನೀನು ಬೆಳಿಗ್ಗೆ ಬಾಯಿಬಿಟ್ಟು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ, ಮಗು. ಕಂಪನಿ ಉಪ್ಪು ತಿಂದೂ ಬೀದಿಯವರ ಪರ ನಿಂತೆ. ಇದೆಲ್ಲ ನಿನ್ನಿಂದಲೇ."

ಚಪ್ಪಾಳೆ ತಟ್ಟಿದರು. ಲಾರ್ನ್ ಟಾರ್ಟನ್ನು ನೋಡಿದ, ಜನರನ್ನು ನೋಡಿದ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಎದುರಿಗೆ ಹನ್ನೊಂದು ಮುಖಗಳು ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಹಾಗೆ ಬೆಳಗುತ್ತಿದ್ದವು. ವರ್ನಾಳ ಕೈ ಅವನ ಭುಜದ ಮೇಲಿತ್ತು. ಅವನು ತೆರೆದ ಬಾಯಿಗೆ ಟಾರ್ಟ್ ಇಟ್ಟುಕೊಂಡ.

ನುಂಗಿದ ಮೇಲೆ ಎಂಜಿನಿಯರ್ ಬುದ್ಧಿ ಸುಮ್ಮನಿರಲಿಲ್ಲ. ಕ್ರಿಸ್ಮಸ್ ಒಳಗೆ ಪೆಟ್ಟಿಗೆಯನ್ನಾದರೂ ಚೆನ್ನಾಗಿ ಮಾಡೋಣ, ಜನ ಹೂಂ ಎನ್ನುವ ಹಾಗೆ ಮಾಡೋಣ ಎಂದುಕೊಂಡ. "ಮಿಸೆಸ್ ಝೇರ್, ಮುಂದಿನ ಸಲ ಅದು ನಿಮ್ಮನ್ನ ಮರ್ಯಾದೆಯಿಂದ ಕೇಳುತ್ತೆ. ಹೂಂ ಅಂತ ಒಂದು ಗುಂಡಿ, ಬೇಡ ಅಂತ ಒಂದು ಗುಂಡಿ. ಆಗ ಏನು ಒತ್ತುತ್ತೀರಿ?"

ಜಗಲಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದೆಂಥ ಪ್ರಶ್ನೆ ಎನ್ನುವಂತೆ ಕ್ಲಿಫ್ ನಕ್ಕ.

"ಬೇಡ ಅಂತಲೇ" ಎಂದರು ಮಿಸೆಸ್ ಝೇರ್, ಸೊಂಟ ನೆಟ್ಟಗೆ ಮಾಡಿಕೊಂಡು. "ಇಲ್ಲದಿದ್ರೆ ಇಷ್ಟೆಲ್ಲ ಹೋರಾಡಿ ಅವರು ನಮ್ಮನ್ನ ಕೇಳೋ ಹಾಗೆ ಮಾಡಿ ಏನು ಪ್ರಯೋಜನ?"