ನೀರು ಬತ್ತಿಸುವ ಮಾವ

ನಮ್ಮ ಸೋದರಮಾವ ಬರುತ್ತಾರೆಂದು ಫೋನ್ ಬಂದರೆ ನಾನು ಮೊದಲು ಬಚ್ಚಿಡುವುದು ಕುಡಿಯುವ ನೀರನ್ನು. ನಗಬೇಡಿ. ಅವರ ಕೈಗೆ ಒಂದು ಲೋಟ ನೀರು ಕೊಟ್ಟಿರೋ, ಮುಗಿಯಿತು, ನಿಮ್ಮ ಗ್ಯಾಸ್ ಒಲೆ ಅರ್ಧ ಗಂಟೆ ಅವರದು! ಜುಬ್ಬದ ಜೇಬಿನಿಂದ ಅಂಗೈಯಗಲದ ಸ್ಟೀಲ್ ಬಟ್ಟಲೊಂದು ಹೊರಬರುತ್ತದೆ. ನೀರನ್ನು ಅದಕ್ಕೆ ಸುರಿದು, ಸಣ್ಣ ಉರಿಯಲ್ಲಿಟ್ಟು, ಪೂರ್ತಿ ಬತ್ತುವ ತನಕ ಅಲ್ಲಾಡದೆ ನಿಲ್ಲುತ್ತಾರೆ. ಆಮೇಲೆ ತಳದಲ್ಲಿ ಉಳಿದ ಬಿಳಿ ಕಲೆಯನ್ನು ಉಗುರಿನಿಂದ ಕೆರೆದು ನನ್ನ ಮೂಗಿನ ಹತ್ತಿರ ಹಿಡಿಯುತ್ತಾರೆ.

"ಈಗ ಹೇಳು. ನಿಮ್ಮ ಚನ್ನಗಿರಿ ನೀರು ಶುದ್ಧ ವಸ್ತುವೋ, ಮಿಶ್ರಣವೋ?"

"ಮಿಶ್ರಣ ಮಾವ."

"ಯಾಕೆ?"

"ನೀವು ಬಂದಾಗಲೆಲ್ಲ ಹಂಗೇ ಅಂತೀರಲ್ಲ, ಅದಕ್ಕೆ."

ಇಂಥ ಉತ್ತರಕ್ಕೆ ಅರ್ಧ ಅಂಕ ಮಾತ್ರ. ಹೈಸ್ಕೂಲಿನ ವಿಜ್ಞಾನ ಮೇಷ್ಟರ ಕೆಲಸದಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಅಂಕ ಕೊಡುವ ಚಟ ಬಿಟ್ಟಿಲ್ಲ. ಹೋದ ಯುಗಾದಿಗೆ ನನ್ನ ಹೋಳಿಗೆಗೆ ಹತ್ತಕ್ಕೆ ಆರು ಬಂತು.

ಮಾವನ ಈ ವರ್ಗೀಕರಣದ ಹುಚ್ಚು ನನಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ನ್ಯಾಮತಿಯ ಅವರ ಮನೆಯಲ್ಲಿ ಠಿಕಾಣಿ. ಸಂಜೆ ಪೇಟೆಯಿಂದ ಖಾರ ಮಂಡಕ್ಕಿ ತರುತ್ತಿದ್ದರು. ತಂದದ್ದನ್ನು ಪೇಪರಿನ ಮೇಲೆ ಸುರಿದು, "ಎಲ್ಲರೂ ಕೈ ಹಿಂದಕ್ಕೆ" ಎನ್ನುತ್ತಿದ್ದರು. "ಇದು ಮಿಶ್ರಣ. ಇದರೊಳಗೆ ಪ್ರತಿಯೊಂದೂ ತನ್ನ ಗುಣ ಉಳಿಸಿಕೊಂಡಿರುತ್ತೆ, ಆದ್ದರಿಂದ ಬೇರೆ ಮಾಡಬಹುದು. ಮಾಡಿ." ಸರಿ, ಬಾಯಲ್ಲಿ ನೀರೂರಿಸಿಕೊಂಡು ನಾವು ಮಂಡಕ್ಕಿ ಒಂದು ಗುಡ್ಡೆ, ಶೇಂಗಾ ಒಂದು ಗುಡ್ಡೆ, ಹುರಿಗಡಲೆ ಒಂದು ಗುಡ್ಡೆ, ಈರುಳ್ಳಿ ಒಂದು ಗುಡ್ಡೆ ಮಾಡಬೇಕು. ಎಣ್ಣೆ, ಖಾರಪುಡಿ ಹೇಗೆ ಬೇರೆ ಮಾಡುವುದು ಎಂದು ಕೇಳಿದರೆ "ಅದು ನಾಳೆಯ ಪಾಠ" ಎನ್ನುತ್ತಿದ್ದರು.

ಅತ್ತೆ ಅಡುಗೆಮನೆಯಿಂದ ಇಣುಕಿ, "ಬೇರೆ ಮಾಡಿದ್ದಾತಲ್ಲ, ಈಗ ಕೂಡಿಸಾಕೆ ಯಾರು ಬರ್ತಾರ್ರಿ?" ಎಂದು ಕೇಳುವ ಹೊತ್ತಿಗೆ ಮಂಡಕ್ಕಿ ಮೆತ್ತಗಾಗಿರುತ್ತಿತ್ತು. ಇಂದಿಗೂ ಮಂಡಕ್ಕಿ ತಟ್ಟೆ ಮುಂದೆ ಬಂದರೆ ನಾನು ಮೊದಲು ಶೇಂಗಾ ಎಲ್ಲ ಆರಿಸಿ ತಿನ್ನುತ್ತೇನೆ. ನಮ್ಮ ಯಜಮಾನರು ಅದನ್ನು ಆಸೆಬುರುಕತನ ಎನ್ನುತ್ತಾರೆ. ನಾನು ವಿಜ್ಞಾನ ಎನ್ನುತ್ತೇನೆ. ಆದರೆ ನಿಜ ಹೇಳಲೇ? ಆ ಮೆತ್ತಗಿನ ಮಂಡಕ್ಕಿಯ ರುಚಿ ಈಗಿನ ಯಾವ ಗರಿಗರಿ ಮಂಡಕ್ಕಿಗೂ ಇಲ್ಲ. ಆ ಸಂಜೆಗಳನ್ನು ನೆನೆದರೆ ಹೊಟ್ಟೆಗಿಂತ ಮೊದಲು ಎದೆ ಹಸಿಯುತ್ತದೆ.

ನೀರಿನ ಹುಚ್ಚಿಗೆ ಮಾತ್ರ ಬೇರೆಯೇ ಕಾರಣವಿತ್ತು. ಅದನ್ನು ಮಾವ ಯಾರಿಂದಲೂ ಮುಚ್ಚಿಟ್ಟವರಲ್ಲ. ಅವರು ಹುಟ್ಟಿ ಬೆಳೆದದ್ದು ಹೊನ್ನಾಳಿಯಲ್ಲಿ, ತುಂಗಭದ್ರೆಯ ನೀರು ಕುಡಿದು. ಮೊದಲ ನೌಕರಿ ಸಿಕ್ಕಿದ್ದು ಜಗಳೂರು ಸೀಮೆಯಲ್ಲಿ, ಬಿಳಿಚೋಡಿನಿಂದಾಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಸೇರಿದ ಹೊಸತರಲ್ಲೇ ಒಂದು ಕಿರುಪರೀಕ್ಷೆ ಕೊಟ್ಟರಂತೆ: ಚಿನ್ನ, ನೀರು, ಗಾಳಿ, ಹಾಲು, ಇವನ್ನು ಶುದ್ಧ ವಸ್ತು ಮತ್ತು ಮಿಶ್ರಣ ಎಂದು ವಿಂಗಡಿಸಿ. ತಿಪ್ಪಮ್ಮ ಎಂಬ ಹುಡುಗಿ ಬರೆದಿದ್ದಳು: "ನೀರು ಮಿಶ್ರಣ. ನಮ್ಮ ಮನೆಯಲ್ಲಿ ನೀರು ಕಾಸಿದರೆ ಗಡಿಗೆಯ ತಳದಲ್ಲಿ ಬಿಳಿ ಹಕ್ಕಳೆ ಉಳಿಯುತ್ತದೆ."

ಪುಸ್ತಕದಲ್ಲಿ ನೀರು ಸಂಯುಕ್ತ, ಅಂದರೆ ಶುದ್ಧ ವಸ್ತು. ಮಾವ ಸೊನ್ನೆ ಸುತ್ತಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಇಪ್ಪತ್ತನಾಲ್ಕರ ವಯಸ್ಸು, ತಮಾಷೆ ಮಾಡುವ ಚಪಲ. ಉತ್ತರವನ್ನು ತರಗತಿಗೆಲ್ಲ ಓದಿ ಹೇಳಿ, "ಮೊದಲು ಗಡಿಗೆ ಸರಿಯಾಗಿ ತೊಳಿಯಮ್ಮ" ಎಂದುಬಿಟ್ಟರು. ತರಗತಿ ಗೊಳ್ಳೆಂದಿತು. ದಸರಾ ರಜೆ ಮುಗಿದ ಮೇಲೆ ತಿಪ್ಪಮ್ಮ ಶಾಲೆಗೆ ಬರಲಿಲ್ಲ.

ಕೆಲವು ತಿಂಗಳಲ್ಲಿ ಮಾವನ ಬಾಡಿಗೆ ಕೋಣೆಯ ಪಾತ್ರೆಯ ತಳವೂ ಬೆಳ್ಳಗಾಯಿತು. ಹುಣಸೆಹಣ್ಣು ಹಾಕಿ ತಿಕ್ಕಿದರು, ಬೂದಿ ಹಾಕಿ ತಿಕ್ಕಿದರು. ಅದು ಹೊರಗಿನ ಕೊಳೆಯಲ್ಲ, ನೀರಿನಲ್ಲೇ ಕರಗಿದ್ದದ್ದು ಎಂದು ಆಗ ತಲೆಗೆ ಹೋಯಿತು. ಹುಡುಗಿ ಬರೆದದ್ದು ಸರಿ! ಅವಳ ಮನೆ ಹುಡುಕಿ ಹೋದರೆ ಬಾಗಿಲಿಗೆ ಬೀಗ. ಮನೆಯವರೆಲ್ಲ ಕೂಲಿಗೆ ಎಲ್ಲೋ ಹೋಗಿದ್ದರು. ಜೂನ್‌ನಲ್ಲಿ ಮಾವನಿಗೆ ವರ್ಗವಾಯಿತು.

ಅಂದಿನಿಂದ ಇಬ್ಬಗೆಯ ವ್ರತ. ಕಂಡವರ ಮನೆಯ ನೀರು ಬತ್ತಿಸಿ ತಾವೇ ತಪ್ಪು ಎಂದು ಸಾಬೀತು ಮಾಡುವುದು ಒಂದು. ಬಿಳಿಚೋಡು ಕಡೆಯವರು ಸಿಕ್ಕರೆ "ತಿಪ್ಪಮ್ಮ ಗೊತ್ತೇನ್ರಿ?" ಎಂದು ಕೇಳುವುದು ಇನ್ನೊಂದು. ಆ ಕಡೆ ತಿಪ್ಪಮ್ಮಂದಿರಿಗೆ ಬರವೇ? ಹನ್ನೊಂದು ಜನ ಸಿಕ್ಕಿದರು. ಒಬ್ಬರಿಗೂ ರಸಾಯನಶಾಸ್ತ್ರ ಬರುತ್ತಿರಲಿಲ್ಲ. ಅತ್ತೆಯದು ಬೇರೆಯೇ ಗೋಳು: "ಮದುವೆ ಆಗಿ ನಲವತ್ತು ವರ್ಷ ಆತು, ನಮ್ಮನೆಯವರು ತಿಪ್ಪಮ್ಮನ ಜಪ ಬಿಟ್ಟಿಲ್ಲ ನೋಡವ್ವ."

ಹೋದ ವರ್ಷ ನಮ್ಮಣ್ಣನ ಮಗಳಿಗೆ ಸಂತೇಬೆನ್ನೂರಿನ ಗಂಡು ಗೊತ್ತಾಗಿ, ಗಂಡಿನ ಮನೆ ನೋಡಲು ಹೊರಟೆವು. "ಮಾವ, ಇವತ್ತೊಂದು ದಿನ ಬಟ್ಟಲು ಬೇಡ" ಎಂದು ಅಣ್ಣ ಕೈ ಹಿಡಿದು ಕೇಳಿಕೊಂಡಿದ್ದ. ಮಾವ ತಲೆಯಾಡಿಸಿದ್ದರು. ಬೀಗರು ನೀರು ಕೊಟ್ಟು ಐದು ನಿಮಿಷವಾಗಿಲ್ಲ, ಮಾವ ಅವರ ಅಡುಗೆಮನೆಯಲ್ಲಿದ್ದರು.

ಗಂಡಿನ ತಂದೆಯ ಮುಖ ಗಂಟಾಯಿತು. "ಏನ್ರಿ ಮೇಷ್ಟ್ರೇ, ನಮ್ಮನೆ ನೀರಿಗೆ ಹೆಸರಿಡಾಕೆ ಬಂದೀರೇನು?"

"ನಾನು ಇಡ್ತಾ ಇಲ್ರಿ, ಇರೋ ಹೆಸರು ಹೇಳ್ತಿದೀನಿ. ಮಿಶ್ರಣ."

ಅಣ್ಣ ಕಣ್ಣು ಮುಚ್ಚಿಕೊಂಡ. ಸಂಬಂಧ ಮುರಿದೇ ಹೋಯಿತು ಎಂದುಕೊಂಡೆವು. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಗಂಡಿನ ಅಜ್ಜಿ ನಗತೊಡಗಿದರು. "ಹೌದಪ್ಪ, ಅವ್ರು ಹೇಳಾದು ಖರೆ ಐತೆ. ನಮ್ಮ ತವರಾಗೆ ಇದಕ್ಕಿಂತ ಹೆಚ್ಚು. ಗಡಿಗೆ ತಳ ಸುಣ್ಣ ಬಳಿದಂಗೆ ಇರ್ತಿತ್ತು."

"ಯಾವೂರವ್ವ ನಿಮ್ಮ ತವರು?" ಮಾವ ಒಲೆ ಬಿಟ್ಟು ಅವರತ್ತ ತಿರುಗಿದರು.

ಅಜ್ಜಿ ಹೇಳಿದ್ದು ಅದೇ ಹಳ್ಳಿ. ತಿಪ್ಪಮ್ಮ ಎನ್ನುತ್ತಲೇ, "ಹೈಸ್ಕೂಲಿಗೆ ಹೋಗ್ತಿದ್ಲಲ್ಲ, ಅವಳಾ? ನಮ್ಮ ಕೇರ್ಯಾಗೆ ಹೈಸ್ಕೂಲಿಗೆ ಹೋದ ಹುಡುಗಿ ಅವಳೊಬ್ಬಳೇ. ತ್ಯಾವಣಿಗೆಗೆ ಕೊಟ್ಟಾರೆ" ಎಂದರು. ಮಾವ ಒಲೆ ಆರಿಸುವುದನ್ನೂ ಮರೆತು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಮುಂದಿನ ಭಾನುವಾರ ಚನ್ನಗಿರಿಯಿಂದ ತ್ಯಾವಣಿಗೆಯ ಬಸ್ಸು ಹತ್ತಿದೆವು. ನಾನು ಹೋದದ್ದು ತಮಾಷೆ ನೋಡಲೆಂದೇ. ಮಾವ ಇಸ್ತ್ರಿ ಅಂಗಿ ತೊಟ್ಟು, ಎರಡೆರಡು ಸಲ ಗಡ್ಡ ಹೆರೆದುಕೊಂಡಿದ್ದರು.

"ಅವಳು ಬೈದ್ರೆ?" ಎಂದರು ದಾರಿಯಲ್ಲಿ.

"ಬೈಸಿಕೊಳ್ಳಿ ಮಾವ."

"ಬೈಯದೇ ಇದ್ರೆ?"

ನಾನು ಅವರ ಅಂಗಿಯ ಕಾಲರ್ ಸರಿಮಾಡಿದೆ.

ತಿಪ್ಪಮ್ಮ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದರು. ತಲೆ ಪೂರ್ತಿ ನರೆತಿತ್ತು. ಮಾವ ಹೆಸರು ಹೇಳಿದ ಮೇಲೂ ಒಂದು ಗಳಿಗೆ ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಒಳಗಿದ್ದ ಸೊಸೆಯನ್ನು ಕೂಗಿದರು. "ಬಾ ಇಲ್ಲಿ, ನಮ್ಮ ಸಾರು ಬಂದಾರೆ. ನಂಗೆ ಓದಿಸಿದೋರು. ಚಾಪೆ ಹಾಸು."

ಮಾವ ಚಾಪೆಯ ಮೇಲೆ ಕೂರಲಿಲ್ಲ. ಪಾಠ ಒಪ್ಪಿಸುವವರ ಹಾಗೆ ನಿಂತೇ ಹೇಳಿದರು. "ತಿಪ್ಪಮ್ಮ, ನೀನು ನೀರು ಮಿಶ್ರಣ ಅಂತ ಬರೆದಿದ್ದೆ. ಅದು ಸರಿ. ನಾನೇ ತಪ್ಪು ತಿದ್ದಿದ್ದು. ನನ್ನಿಂದ ನೀನು ಶಾಲೆ ಬಿಟ್ಟೆ."

"ಅಯ್ಯ, ಅದಕ್ಕಲ್ಲ ಬಿಡ್ರಿ ಸಾರ್. ನಮ್ಮವ್ವಗೆ ಮಂಡಿ ಮಡಚಾಕೆ ಬರದಂಗೆ ಆತು. ಆ ನೀರಿಗೇ ಹಂಗಾತು ಅಂತ ಆಮೇಲೆ ಡಾಕ್ಟ್ರು ಅಂದ್ರು. ಮನ್ಯಾಗೆ ನೀರು ಹೊರಾಕೆ ಯಾರೂ ಇರ್ಲಿಲ್ಲ. ಅದಕ್ಕೆ ಬಿಟ್ಟೆ."

ಮಾವ ಉಸಿರು ಬಿಟ್ಟರು. ಐವತ್ತು ವರ್ಷದ ಹತ್ತಿರ ಹೊತ್ತ ಹೊರೆ ಇಳಿಯಿತೆಂದು ನಾನೂ ಅಂದುಕೊಂಡೆ. ತಿಪ್ಪಮ್ಮ ಜೋಳದ ಕಡೆ ನೋಡುತ್ತ, ನಗುತ್ತಲೇ ಮುಂದುವರಿಸಿದರು.

"ಮಾರ್ಕ್ಸು ಮರ್ತು ಹೋಗೈತೆ ಸಾರ್. ಗಡಿಗೆ ತೊಳಿ ಅಂದಿದ್ದು ನೆನಪೈತೆ. ಅವತ್ತು ಮನೆಗೆ ಹೋದೋಳೇ ತೊಳಿಯಾಕೆ ಕುಂತೆ. ಕತ್ತಲಾಗಾವರೆಗೂ ತಿಕ್ಕಿದೆ. ಹೋಗಲಿಲ್ಲ. ನೀವು ಹೇಳಿದ ಮೇಲೆ ಸುಳ್ಳು ಆಗಾಕಿಲ್ಲ, ನಂಗೇ ತೊಳಿಯಾಕೆ ಬರಾಕಿಲ್ಲ ಅನ್ಕಂಡೆ."

ಮಾವ ಎರಡೂ ಕೈ ಜೋಡಿಸಿದರು. ಎಪ್ಪತ್ತೆರಡರ ಮೇಷ್ಟರು ತಮ್ಮ ವಿದ್ಯಾರ್ಥಿನಿಯ ಅಂಗಳದಲ್ಲಿ ಕೈ ಮುಗಿದು ನಿಂತಿದ್ದರು. ತಿಪ್ಪಮ್ಮ ಗಾಬರಿಯಾಗಿ, "ಬ್ಯಾಡ್ರಿ ಸಾರ್, ಹಂಗೆಲ್ಲ ಮಾಡಬಾರ್ದು" ಎಂದು ಅವರ ಕೈಗಳನ್ನು ಬಿಡಿಸಲು ಹಿಡಿದವರು, ಬಿಡಿಸದೆ ಹಾಗೆಯೇ ಹಿಡಿದುಕೊಂಡು ಅಳತೊಡಗಿದರು. ತಮಾಷೆ ನೋಡಲು ಹೋದ ನಾನು ಮುಖ ತಿರುಗಿಸಿ, ಅವರು ಬಿಟ್ಟಿದ್ದ ಜೋಳವನ್ನು ಹರವುತ್ತ ಕುಳಿತೆ.